ಮದ್ದು ಬಿಡುವುದನ್ನು ಮಳೆಗಾಲದಲ್ಲೇ ಕಲಿಸಿ

ನಮ್ಮ ದಕ್ಷಿಣ ಕನ್ನಡದಲ್ಲಿ ತೋಟ ಇರುವ ಯಾರನ್ನೇ ಕೇಳಿ, ಮೇ ತಿಂಗಳು ಬಂತೆಂದರೆ ಒಂದೇ ಚಿಂತೆ. ಅಡಿಕೆಗೆ ಮದ್ದು ಬಿಡಲು, ಅಂದರೆ ಮರ ಹತ್ತಿ ಗೊನೆಗೆ ಔಷಧಿ ಸಿಂಪಡಿಸಲು, ಜನ ಸಿಗುತ್ತಾರಾ? ಮರ ಹತ್ತುವವರಿಗೆ ವಯಸ್ಸಾಗಿದೆ, ಹುಡುಗರು ಬರುತ್ತಿಲ್ಲ. ಈಗಿನವರಿಗೆ ಮೈ ಬಗ್ಗುವುದಿಲ್ಲ ಅಂತ ಬೈಯುವುದನ್ನು ನಾನಂತೂ ಒಪ್ಪುವುದಿಲ್ಲ. ಅವರಿಗೆ ಕೂತು ಕಲಿಸಿದವರು ಯಾರು ಹೇಳಿ?

ತರಬೇತಿ ಇಲ್ಲವೇ ಇಲ್ಲ ಅಂತಲ್ಲ. ವಿಟ್ಲದ ಸಿಪಿಸಿಆರ್‌ಐನಲ್ಲಿ (ಅಡಿಕೆ, ತೆಂಗಿನಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಅಡಿಕೆ ಮರ ಹತ್ತಲು ಕಲಿಸಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ತೆಂಗಿನ ಮರ ಹತ್ತುವ ತರಬೇತಿ ಕೊಡುತ್ತಿದೆ, ಜೊತೆಗೆ ಯಂತ್ರ, ಅಪಘಾತ ವಿಮೆ. ವಿಮೆ ಇರಲೇಬೇಕು, ಅದಿಲ್ಲದೆ ಯಾವ ತಾಯಿ ಮಗನನ್ನು ಮರಕ್ಕೆ ಕಳಿಸುತ್ತಾಳೆ?

ಆದರೆ ಹತ್ತುವುದು ಮೊದಲ ಪಾಠ ಅಷ್ಟೇ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವನ್ನೇ ನೋಡಿ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು, ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಮೈಲುತುತ್ತಿಗೆ ಕಬ್ಬಿಣದ ಪಾತ್ರೆ ಆಗದು, ಬೆರೆಸಿದ ಮೇಲೆ ಉಜ್ಜಿದ ಚಾಕು ಅದ್ದಿ ನೋಡಬೇಕು, ಕೆಂಪಗೆ ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40-45 ದಿನ ಬಿಟ್ಟು ಮತ್ತೊಂದು ಸಲ. ಆ ಎರಡನೇ ಸಲಕ್ಕೆ ಮರವೆಲ್ಲ ಜಾರುತ್ತಿರುತ್ತದೆ, ಬಿಸಿಲು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಆಕಾಶ ನೋಡಿ ಅಂದಾಜು ಮಾಡಬೇಕು. ಚಳಿಗಾಲದಲ್ಲಿ ಒಂದು ಶಿಬಿರ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಇದು ಬರುತ್ತದಾ?

ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ಜಾಸ್ತಿಯಾದಾಗ, 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರಿಗೆ ಗದ್ದೆಯಲ್ಲೇ ಪಾಠ ಶುರು ಮಾಡಿದರು. ವಾರಕ್ಕೊಮ್ಮೆ ಗದ್ದೆಗಿಳಿಯುವುದು, ಯಾವ ಹುಳು ಶತ್ರು, ಯಾವುದು ಮಿತ್ರ ಅಂತ ಕಣ್ಣಾರೆ ನೋಡಿ ತೀರ್ಮಾನಿಸುವುದು, ಹೀಗೆ ಇಡೀ ಬೆಳೆ ಮುಗಿಯುವ ತನಕ. ಆ ಕ್ರಮ ಆಮೇಲೆ ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಯಿತು. ಅಡಿಕೆಗೂ ಅದು ಯಾಕೆ ಆಗಬಾರದು?

ಉಜಿರೆಯ ಸ್ವ-ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ 1982ರಿಂದ ಯುವಕರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಿದೆ, ತರಬೇತಿ ಮುಗಿದ ಮೇಲೂ ವಿಚಾರಿಸುತ್ತದೆ. ಅಂದರೆ ಕಲಿಸುವ ಜಾಗಗಳು ನಮ್ಮಲ್ಲೇ ಇವೆ. ಬೇಕಾಗಿರುವುದು ತೋಟ, ಹಳೆಯ ಕೆಲಸಗಾರರು, ಮತ್ತು ಕಲಿಯುವ ದಿನಗಳಿಗೂ ಸಂಬಳ. ಕಲಿಯಲು ಬಂದ ಹುಡುಗನಿಗೂ ಮನೆ ಇದೆ ಅಲ್ವಾ? ಊರಿನ ಸಹಕಾರಿ ಸಂಘ ಆ ಖರ್ಚಿನಲ್ಲಿ ಅರ್ಧ ಹೊತ್ತುಕೊಂಡು, ಉಳಿದರ್ಧ ತೋಟದವರು ಹಾಕಿದರೆ, ಬರುವ ಮೇ ತಿಂಗಳಲ್ಲೇ ಒಂದು ತಂಡ ಶುರು ಮಾಡಿ ಅಡಿಕೆ ಕೊಯ್ಲಿನ ತನಕ ನಡೆಸಬಹುದು.