ಒಂದು ಕೊಟ್ಟರೆ ಉಳಿದದ್ದೆಲ್ಲ ಹೋಗುತ್ತೆ

14 ನವೆಂಬರ್ 2024, ಗುರುವಾರ
ದಾವಣಗೆರೆ

ಮೆಕ್ಕೆಜೋಳದ ಆವಕ ಜೋರಾಗಿದೆ. ದಲ್ಲಾಲಿ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಸಂಜೆ ಫೋನ್ ಮಾಡಿದ.

"ಅಣ್ಣಾ, ಬೆಳಗಿನ ಜಾವ 4ಕ್ಕೆ ತೂಗಿದ ಲೋಡಿನ ಚೀಟಿಗೆ ಹಿಂದಿನ ದಿನದ ತಾರೀಕು ಬೀಳ್ತಿತ್ತು. ಟೈಮ್‌ಝೋನ್ ಹಾಕಿದೆ. ಈಗ ಚೀಟೀನೇ ಬರ್ತಿಲ್ಲ."

ಸರ್ವರ್ ಯುಟಿಸಿಯಲ್ಲಿದೆ, ಅಂದರೆ ಜಗತ್ತಿನ ಮೂಲ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ತಾರೀಕು ತಪ್ಪಿದರೆ ದರವೂ ಹಿಂದಿನ ದಿನದ್ದೇ ಬೀಳುತ್ತೆ. ರೈತನ ದುಡ್ಡಿನ ವಿಷಯ, ನಾಳೆಗೆ ತಳ್ಳುವಂಥದ್ದಲ್ಲ.

ಚೀಟಿಯ ಪಿಡಿಎಫ್ ಮಾಡೋದು ಹೊರಗಿನ ಕಮ್ಯಾಂಡ್. ಪೈಥಾನ್ ಭಾಷೆಯ ಪ್ರೋಗ್ರಾಮ್‌ನಿಂದ ಅದನ್ನು ಓಡಿಸುವಾಗ 'ಎನ್ವ್' ಜಾಗದಲ್ಲಿ, ಅಂದರೆ ಕಮ್ಯಾಂಡಿಗೆ ಸಿಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಹೆಸರಿಟ್ಟ ಸೆಟ್ಟಿಂಗ್‌ಗಳ) ಪಟ್ಟಿ ಬರೆಯುವಲ್ಲಿ, ಟೈಮ್‌ಝೋನ್ ಹೇಳುವ ಟಿಝಡ್ ಒಂದನ್ನೇ ಬರೆದಿದ್ದಾನೆ. ಅದು ಇರುವ ಪಟ್ಟಿಗೆ ಸೇರೋದಿಲ್ಲ, ಪಟ್ಟಿಯನ್ನೇ ಬದಲಿಸುತ್ತೆ. ಲಿನಕ್ಸ್‌ನ ಕರ್ನಲ್ ಹೊಸ ಪ್ರೋಗ್ರಾಮ್ ಶುರು ಮಾಡುವಾಗ ಕೇಳೋದು ವೇರಿಯಬಲ್‌ಗಳ ಪೂರ್ತಿ ಪಟ್ಟಿ. ಕೊಟ್ಟಷ್ಟೇ ಮಗುವಿಗೆ, ಅಂದರೆ ಹಾಗೆ ಶುರುವಾದ ಪ್ರೋಗ್ರಾಮಿಗೆ, ಸಿಗೋದು. ಕಮ್ಯಾಂಡನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಹೋಯಿತು, ಹಾಗಾಗಿ ಪೈಥಾನ್ ಬಿನ್ ಮತ್ತು ಯುಎಸ್‌ಆರ್ ಬಿನ್ ಎರಡು ಫೋಲ್ಡರ್‌ಗಳಲ್ಲೇ ಹುಡುಕುತ್ತೆ. ಇವನ ಕಮ್ಯಾಂಡ್ ಇರೋದು ಯುಎಸ್‌ಆರ್ ಲೋಕಲ್ ಬಿನ್‌ನಲ್ಲಿ. 'ಅಂಥ ಫೈಲ್ ಇಲ್ಲ' ಅಂತ ಎರರ್. ಪೂರ್ತಿ ದಾರಿ ಬರೆದು ಇದನ್ನು ದಾಟಿದರೂ ಭಾಷೆ, ಲಿಪಿ ತಿಳಿಸುವ ಲ್ಯಾಂಗ್ ಹೋಗಿರುತ್ತೆ, ರೈತರ ಕನ್ನಡದ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು.

"ಮೊದಲು ಓಎಸ್ ಎನ್ವಿರಾನ್‌ನ, ಅಂದ್ರೆ ಈಗಿರೋ ಪೂರ್ತಿ ಪಟ್ಟಿಯ, ನಕಲು ತಗೋ. ನಕಲಿಗೆ ಟಿಝಡ್ ಸೇರಿಸು. ನಕಲನ್ನೇ ಕೊಡು. ಮೂಲಾನ ಮುಟ್ಟಬೇಡ, ಮುಟ್ಟಿದ್ರೆ ಮುಂದೆ ಓಡೋ ಕಮ್ಯಾಂಡಿಗೆಲ್ಲ ಅದೇ ಹೋಗುತ್ತೆ."

"ಟಿಝಡ್‌ಗೆ ಐಎಸ್‌ಟಿ ಅಂತ ಬರೆದ್ರೆ ಸಾಕಲ್ಲ ಅಣ್ಣಾ?"

ಸಾಲದು. ಇದು ಕಣ್ಣಿಗೇ ಬೀಳದ ತಪ್ಪು. ಲಿನಕ್ಸ್‌ನಲ್ಲಿ ಬರೀ ಐಎಸ್‌ಟಿ ಅಂತ ಕೊಟ್ಟರೆ ಎರರ್ ಬರೋದಿಲ್ಲ. ಸಮಯದ ಪಕ್ಕ ಐಎಸ್‌ಟಿ ಅಂತಲೇ ಬೀಳುತ್ತೆ, ಸಮಯ ಮಾತ್ರ ಯುಟಿಸಿಯದ್ದು. ಏಷ್ಯಾ/ಕೋಲ್ಕತಾ ಅಂತಲೇ ಬರೀಬೇಕು. ಇಂಗ್ಲಿಷ್ ಅಕ್ಷರ ಒಂದು ತಪ್ಪಿದರೂ ಮತ್ತೆ ಯುಟಿಸಿ. ವೇರಿಯಬಲ್‌ಗೆ ಕೊಡುವ ಮೌಲ್ಯ ಯಾವಾಗಲೂ ಸ್ಟ್ರಿಂಗ್, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯ, ಆಗಿರಲಿ. ಅಂಕಿ ಹಾಗೇ ಕೊಟ್ಟರೆ ಪೈಥಾನ್ ಟೈಪ್ ಎರರ್ ಅನ್ನುತ್ತೆ.

ಟರ್ಮಿನಲ್‌ನಲ್ಲಿ ಮಾಡುವ ಹಾಗೆ ಕಮ್ಯಾಂಡಿನ ಮುಂದೆ ಟಿಝಡ್ ಬರೆಯೋದು ಇಲ್ಲಿ ನಡೆಯೋದಿಲ್ಲ. ಅದನ್ನು ಬಿಡಿಸಿ ಓದೋದು ಶೆಲ್, ಟರ್ಮಿನಲ್‌ನಲ್ಲಿ ನಾವು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಪ್ರೋಗ್ರಾಮ್. ನಡುವೆ ಶೆಲ್ ಇಲ್ಲದಿದ್ದರೆ ಪೈಥಾನ್ ಅದೇ ಹೆಸರಿನ ಪ್ರೋಗ್ರಾಮ್ ಹುಡುಕುತ್ತಾ ಕೂರುತ್ತೆ.

ಗೋ ಭಾಷೆಯಲ್ಲೂ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲೂ ಪೂರ್ತಿ ಪಟ್ಟಿಯೇ ಬದಲಾಗೋದು. ರಸ್ಟ್ ಭಾಷೆ ಮಾತ್ರ ಇರುವುದಕ್ಕೆ ಸೇರಿಸುತ್ತೆ. ನನಗೆ ರಸ್ಟ್ ರೀತಿಯೇ ಸರಿ ಅನ್ನಿಸುತ್ತೆ. ಬರೆಯುವವನ ಮನಸ್ಸಲ್ಲಿರೋದು ಅದೇ ತಾನೆ.

ಚೀಟಿ ಬಂತು. ಫೋನ್ ಇಡುವ ಮುಂಚೆ ಅವನು ಕೇಳಿದ್ದು: "ಡೇಟಾಬೇಸ್ ಪಾಸ್‌ವರ್ಡ್‌ನೂ ಹಿಂಗೇ ಕಳಿಸ್ಲಾ?" ಆರ್ಗ್ಯುಮೆಂಟ್‌ನಲ್ಲಿ, ಅಂದರೆ ಕಮ್ಯಾಂಡಿನ ಸಾಲಿನಲ್ಲೇ ಬರೆದು, ಕಳಿಸಿದರೆ ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಪಿಎಸ್ ಕಮ್ಯಾಂಡಿನಲ್ಲಿ ಎಲ್ಲರಿಗೂ ಕಾಣಬಹುದು, ಅದಕ್ಕಿಂತ ಇದು ವಾಸಿ. ಆದರೆ ಆ ಕಮ್ಯಾಂಡ್ ಹುಟ್ಟಿಸುವ ಮಕ್ಕಳಿಗೂ ಪಾಸ್‌ವರ್ಡ್ ಹರಿದು ಹೋಗುತ್ತೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಪಾಸ್‌ವರ್ಡ್ ಇಡುವ ಪಿಜಿಪಾಸ್ ಫೈಲ್, 0600 ಪರ್ಮಿಷನ್, ಅಂದರೆ ಒಡೆಯ ಮಾತ್ರ ಓದಿ ಬರೆಯುವ ಹಾಗೆ. ಅವನದ್ದು ಯಾವ ಡೇಟಾಬೇಸೋ, ನಾಳೆ ಕೇಳಬೇಕು. ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ಕ್ರಾನ್‌ನಿಂದ ಓಡಿಸುತ್ತಾನಾದರೆ ಅಲ್ಲಿ ಪಾತ್ ಮೊದಲೇ ಮೊಟಕು, ನಕಲು ತಗೊಂಡರೂ ಆ ಮೊಟಕೇ ಸಿಗೋದು.