ಕಛೇರಿ ಕೇಳೋಕೆ ಮೈಸೂರಿಗೆ ಬರೋರಿಗೆ

ಸ್ನೇಹಿತರ ಮನೆಗೂ ಹೋದ ಹಾಗಾಯಿತು, ಒಂದು ಕರ್ನಾಟಕ ಸಂಗೀತ ಕಛೇರಿಯನ್ನೂ ಕೇಳಿದ ಹಾಗಾಯಿತು ಅಂತ ಮೈಸೂರಿಗೆ ಹೊರಡೋರು ಸಾಮಾನ್ಯವಾಗಿ ಮೊದಲು ರೈಲಿನ ಟಿಕೆಟ್ ತೆಗೆಸಿ, ಆಮೇಲೆ ಊರಲ್ಲಿ ಯಾರ ಕಛೇರಿ ಇದೆ ಅಂತ ವಿಚಾರಿಸುತ್ತಾರೆ. ಇದು ತಿರುಗಾಮುರುಗಾ. ಏನು ಕೇಳಬೇಕು ಅನ್ನೋದು ಮೊದಲು, ಎಲ್ಲಿ ಅನ್ನೋದು ಆಮೇಲೆ, ಟಿಕೆಟ್ ಕೊನೆಗೆ. ಈ ಊರಿನಲ್ಲಿ ಒಂದೇ ವಾದ್ಯ ಚಪ್ಪರದಲ್ಲಿ ಒಂದು ಥರ ಕೇಳುತ್ತದೆ, ಸಭಾಂಗಣದಲ್ಲಿ ಇನ್ನೊಂದು ಥರ.

ವೀಣೆ ಕೇಳಬೇಕಿದ್ದರೆ ಒಳಾಂಗಣವೇ ಆಗಬೇಕು. ಕುವೆಂಪುನಗರದಲ್ಲಿ ಗಾನಭಾರತಿ ಸಂಗೀತ ಸಂಸ್ಥೆಯ ವೀಣೆ ಶೇಷಣ್ಣ ಭವನವಿದೆ. ವೈಣಿಕ ಶೇಷಣ್ಣನವರ (1852–1926) ಹೆಸರಿನ ಜಾಗದಲ್ಲಿ ವೀಣೆ ಕೇಳೋದಕ್ಕೆ ಅದರದ್ದೇ ಒಂದು ಸೊಗಸಿದೆ. ಮೈಸೂರು ಬಾನಿಯಲ್ಲಿ (ಇಲ್ಲಿನ ವೀಣೆಯ ಶೈಲಿಯಲ್ಲಿ) ಮೀಟು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬೀಳಬೇಕು, ತಾನ (ತಾಳವಿಲ್ಲದೆ, ಲಯದಲ್ಲಿ ರಾಗ ಬೆಳೆಸೋದು) ನುಡಿಸುವಾಗಲಂತೂ ಇನ್ನೂ ಹೆಚ್ಚು. ಬಯಲಿನ ದೊಡ್ಡ ಸ್ಪೀಕರಿನಲ್ಲಿ ಈ ಬಿಡಿತನವೇ ಕಳೆದುಹೋಗಿ ಎಲ್ಲ ಸ್ವರವೂ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಾಧ್ಯವಾದರೆ ಮೂರು, ನಾಲ್ಕನೇ ಸಾಲಿನ ನಡುವೆ ಕೂತುಕೊಳ್ಳಿ. ಮೊದಲ ಸಾಲಿನಲ್ಲಿ ಕಲಾವಿದರ ಕಡೆಗೆ ತಿರುಗಿಸಿಟ್ಟ ಸ್ಪೀಕರಿನ (ಮಾನಿಟರ್) ಸದ್ದೇ ಕಿವಿಗೆ ಹೊಡೆಯುತ್ತದೆ. ಪಕ್ಕದ ಗೋಡೆಗೆ ಅಂಟಿ ಕೂತರೆ ಆ ಕಡೆಯ ಸ್ಪೀಕರ್ ಒಂದೇ ಕೇಳಿಸುತ್ತದೆ.

ಗಾಯನಕ್ಕಾದರೆ ಚಪ್ಪರ ಪರವಾಗಿಲ್ಲ. ಗಣೇಶನ ಹಬ್ಬದ ದಿನಗಳಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಛೇರಿಗಳಿಗೆ ಊರಿಗೆ ಊರೇ ಬರುತ್ತದೆ. ಆರು ಗಂಟೆಗೆ ಶುರು ಅಂತ ಹಾಕಿದ್ದರೆ ಐದೂಕಾಲಿಗೆ ಅಲ್ಲಿರಿ. ಆರೂವರೆಗೆ ಹೋದರೆ ರಸ್ತೆಯಲ್ಲಿ ನಿಂತೇ ವರ್ಣ (ಸಾಮಾನ್ಯವಾಗಿ ಕಛೇರಿಯ ಮೊದಲ ರಚನೆ) ಕೇಳಬೇಕು. ಕಾರು ತರಬೇಡಿ, ಒಳರಸ್ತೆಗಳಲ್ಲಿ ಜಾಗ ಸಿಗೋದಿಲ್ಲ. ಭಾದ್ರಪದದ ಮಳೆ ಚಪ್ಪರದ ತಗಡಿನ ಮೇಲೆ ಬಿತ್ತೆಂದರೆ ರಾಗಾಲಾಪನೆಯ ಮಂದ್ರಸ್ಥಾಯಿ (ತಗ್ಗಿನ ಸ್ವರಗಳು) ಅಷ್ಟೂ ಹೋಯಿತು. ಅಂಥ ದಿನ ಅಂಚು ಬಿಟ್ಟು ನಡುವೆ ಕೂರಿ, ಎರಚಲೂ ತಪ್ಪುತ್ತದೆ.

ದಸರೆಯಲ್ಲಿ ಅರಮನೆ ಮುಂದಿನ ಕಛೇರಿಯನ್ನು ಕಣ್ಣಿಗಾಗಿ ನೋಡಬೇಕು. ದೀಪಾಲಂಕಾರದ ಹೊತ್ತಿಗೆ ಜನ ಎದ್ದು ಮೊಬೈಲ್ ಎತ್ತುತ್ತಾರೆ, ಹಿಂದಿನವರಿಗೆ ಕೈಗಳು ಮಾತ್ರ ಕಾಣುತ್ತವೆ. ಕಿವಿಗಾಗಿ ಬರೋರು ನವರಾತ್ರಿಯಲ್ಲೇ ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಏನಿದೆ ಅಂತ ಆ ದಿನದ ಪತ್ರಿಕೆಯಲ್ಲಿ ನೋಡಿಕೊಳ್ಳಿ.

ಹಿಂದಿನ ಸಾಲಿಗೆ ಕೇಳಿಸೋದು ಇಲ್ಲಿ ಹಳೇ ತಲೆನೋವು. ಮೈಕ್ ಇಲ್ಲದ ಕಛೇರಿಗಳಲ್ಲಿ ನಾದ ದೂರ ಹೋಗಲಿ ಅಂತಲೇ ಪಿಟೀಲು ಚೌಡಯ್ಯನವರು (1895–1967) ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಈಗ ಮೈಕ್ ಇದೆ, ಬೇರೆ ಥರದ ಕಾಟ. ಮೃದಂಗದ ಮೈಕ್ ಏರಿಸಿ ಗಾಯಕರನ್ನು ಮುಳುಗಿಸೋದು ಸರ್ವೇಸಾಮಾನ್ಯ.

ಶುರುವಿಗೆ ಹತ್ತು ನಿಮಿಷ ಮುಂಚೆ ಬಂದವರಿಗೆ ಒಂದು ನೋಟ ಉಚಿತ. ಮೃದಂಗದವರು ನೀರಲ್ಲಿ ಕಲಸಿದ ರವೆಯನ್ನು ಎಡಮುಖದ ನಡುವೆ ಉಂಡೆ ಮಾಡಿ ಮೆತ್ತಿ, ಬೆರಳಿಂದ ಹರಡಿ, ತಟ್ಟಿ ನೋಡುತ್ತಾರೆ. ರವೆ ಕಮ್ಮಿಯಾದರೆ ಗುಮುಕಿ (ಎಡಮುಖದ ಗುಂಯ್ ಅನ್ನೋ ನಾದ) ತೂಕವಿಲ್ಲದೆ ಟಣ್ ಅನ್ನುತ್ತದೆ, ಜಾಸ್ತಿಯಾದರೆ ಸದ್ದೇ ಮಂಕು. ಬಲಮುಖದ ಶ್ರುತಿಗೆ ಅಂಚಿನ ಹೆಣಿಗೆಯನ್ನು ಕಲ್ಲಿನಿಂದ ಕುಟ್ಟುತ್ತಾರೆ: ಮೇಲಿಂದ ಕೆಳಕ್ಕೆ ಹೊಡೆದರೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಕೆಳಗಿಂದ ಮೇಲಕ್ಕೆ ಹೊಡೆದರೆ ಇಳಿಯುತ್ತದೆ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗುವುದರಿಂದ ಎರಡು ಕೃತಿಗಳ ನಡುವೆ ಮತ್ತೆ ಈ ಟಕಟಕ ಕೇಳಿಸುತ್ತದೆ. ಗೊಣಗಬೇಡಿ, ಅದು ಬೇಕಾದ ಕೆಲಸ.

ಕಛೇರಿ ಎರಡೂವರೆ ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮುಖ್ಯ ರಾಗ ಸಾಮಾನ್ಯವಾಗಿ ಮೊದಲ ಒಂದು ಗಂಟೆ ಕಳೆದ ಮೇಲೆ ಬರುತ್ತದೆ. ಆಲಾಪನೆ, ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡೋದು), ಕಲ್ಪನಾಸ್ವರ (ಆಶುವಾಗಿ ಸ್ವರ ಹಾಡೋದು) ಆಗಿ ತನಿ ಆವರ್ತನಕ್ಕೆ (ತಾಳವಾದ್ಯಗಳದ್ದೇ ಸರದಿಗೆ) ಬಂದ ಕೂಡಲೇ ಅರ್ಧ ಸಭೆ ಕಾಫಿಗೆ ಏಳುತ್ತದೆ. ಏಳಲೇಬೇಕಾದರೆ ಕೃತಿ ಮುಗಿದು ಚಪ್ಪಾಳೆ ಬೀಳುವಾಗ ಏಳಿ. ತಾಳವಾದ್ಯದವರಿಗೆ ಅವತ್ತು ಸಿಗುವ ಸ್ವಂತ ಹೊತ್ತು ಆ ತನಿಯೊಂದೇ. ತಾಳ ಗೊತ್ತಿಲ್ಲದವರೂ ಆದಿತಾಳವನ್ನು ತೊಡೆಯ ಮೇಲೆ ಎಣಿಸಬಹುದು: ಒಂದು ಪೆಟ್ಟು, ಕಿರುಬೆರಳಿಂದ ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು-ಹುಸಿ (ಅಂಗೈ ಮೇಲಕ್ಕೆ ತಿರುಗಿಸೋದು), ಪೆಟ್ಟು-ಹುಸಿ. ಒಟ್ಟು ಎಂಟು. ತನಿಯ ಕೊನೆಯ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಪೆಟ್ಟುಗಳ ಜೋಡಣೆ) ಮೂರು ಸಲ ಬಂದು ಹಾಡಿನ ಎತ್ತುಗಡೆಗೆ ಸರಿಯಾಗಿ ಕೂರೋದು ಆಗ ಕೈಗೇ ಗೊತ್ತಾಗುತ್ತದೆ. ಸದ್ದು ಮಾಡದೆ ಎಣಿಸಿ, ಪಕ್ಕದವರ ತಾಳ ಕೆಡಿಸಬೇಡಿ.

ಇನ್ನು ಉಳಿದುಕೊಂಡ ಮನೆಯ ವಿಷಯ. ಮೈಸೂರಿಗೆ ಬರುವಾಗ ಮೈಸೂರು ಪಾಕ್ ತರಬೇಡಿ. ಇಲ್ಲಿಗೆ ಬಂದ ಮೇಲೆ ದೇವರಾಜ ಮಾರುಕಟ್ಟೆಯಲ್ಲಿ ನಾಲ್ಕು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ ತಗೊಂಡು ಹೋಗಿ. ಮನೆಯವರಿಗೂ ಸಂತೋಷ, ಬೆಲೆಯೂ ಕಮ್ಮಿ. ಸಂಜೆ ನಾಲ್ಕೂವರೆಗೆ ಉಪ್ಪಿಟ್ಟೋ ಅವಲಕ್ಕಿಯೋ ಸಾಕು. ಒತ್ತಾಯಕ್ಕೆ ಮಣಿದು ಬಿಸಿಬೇಳೆ ಭಾತ್ ಹೊಡೆದು ಹೋದರೆ ನೆರವಲ್ ಹೊತ್ತಿಗೆ ಗೊರಕೆ ಗ್ಯಾರಂಟಿ. ಮಂಗಳ ಮುಗಿದು ಆಟೋ ಸಿಕ್ಕಿ ಮನೆ ಸೇರುವಾಗ ಒಂಬತ್ತೂವರೆ ಆಗಿರುತ್ತದೆ, ಮೀಟರ್ ಹಾಕಿ ಬರುವ ಆಟೋ ಸಿಗೋದೂ ಆ ಹೊತ್ತಿಗೆ ಕಷ್ಟ. ಆದ್ದರಿಂದ ಹೊರಡುವಾಗಲೇ ಬೀಗದ ಕೈ ಒಂದು ಕೇಳಿ ಇಟ್ಟುಕೊಳ್ಳಿ, ಅನ್ನ ಸಾರು ಮುಚ್ಚಿಟ್ಟು ಮಲಗಿಬಿಡಿ ಅಂತ ಹೇಳಿ.