ರಿಪೋರ್ಟಿನಲ್ಲಿ ‘ಏನೂ ಕಾಣಲಿಲ್ಲ’ ಎಂದಿದ್ದರೆ

ಮಲದ ಡಬ್ಬಿ ಕೈಗೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ, “ಎಷ್ಟು ಹೊತ್ತಾಯ್ತು?” ನೀರಾಗಿ ಹೋದ ಮಲವನ್ನು ಅರ್ಧ ಗಂಟೆಯೊಳಗೆ ಮೈಕ್ರೋಸ್ಕೋಪಿನಡಿ ಇಡಬೇಕು. ತಡವಾದರೆ ಓಡಾಡುವ ಅಮೀಬಾ ಸತ್ತು ಗುರುತು ಸಿಗದಂತಾಗುತ್ತದೆ. ಮೂತ್ರ ಬೆರೆತರೂ ಅದೇ ಗತಿ. ರಿಪೋರ್ಟು ಚೊಕ್ಕವಾಗಿ ಬರುತ್ತದೆ, ಹೊಟ್ಟೆನೋವು ಹಾಗೇ ಉಳಿಯುತ್ತದೆ.

ಲ್ಯಾಬಿನ ಈ ಮೇಜಿನ ಮುಂದೆ ವರ್ಷಗಟ್ಟಲೆ ಕೂತವಳಾಗಿ ಹೇಳುತ್ತೇನೆ: ಒಂದೇ ಸ್ಯಾಂಪಲ್ ನೋಡಿ ಜಂತು ಇಲ್ಲ ಅಂತ ತೀರ್ಮಾನಿಸಬೇಡಿ. ಜಿಯಾರ್ಡಿಯಾ ಎಂಬ, ಭೇದಿ ತರುವ ಏಕಕೋಶ ಪರಾವಲಂಬಿ ಒಂದು ದಿನ ಮಲದಲ್ಲಿ ತುಂಬಿರುತ್ತದೆ, ಮರುದಿನ ಹುಡುಕಿದರೂ ಸಿಗುವುದಿಲ್ಲ. ಡಾಕ್ಟರು ಬೇರೆ ಬೇರೆ ದಿನದ 3 ಸ್ಯಾಂಪಲ್ ಕೇಳುವುದು ಅದಕ್ಕೇ.

ಸ್ಲೈಡಿನ ಒಂದು ಕಡೆ ಸಲೈನ್ (ಉಪ್ಪುನೀರು) ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ. ರಕ್ತ, ಲೋಳೆ ಇರುವ ಜಾಗದಿಂದಲೇ ಕಡ್ಡಿಯ ತುದಿಯಲ್ಲಿ ಚೂರು ತೆಗೆದು ಎರಡರಲ್ಲೂ ಕದಡಿ, ಕವರ್ ಸ್ಲಿಪ್ ಮುಚ್ಚುತ್ತೇನೆ. ಸಲೈನಿನಲ್ಲಿ ಜೀವಂತ ಜಿಯಾರ್ಡಿಯಾ ಉದುರುವ ಎಲೆಯ ಹಾಗೆ ಹೊರಳಾಡುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಅಯೋಡಿನ್‌ನಲ್ಲಿ ಸಿಸ್ಟ್‌ಗಳ (ಅಮೀಬಾ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ, ಎಣಿಸಬೇಕು. ಬಲಿತ ಸಿಸ್ಟ್‌ನಲ್ಲಿ 8 ಇದ್ದರೆ ಅದು ಎಂಟಮೀಬಾ ಕೋಲೈ ಎಂಬ ನಿರುಪದ್ರವಿ ಅಮೀಬಾ, ಔಷಧಿ ಬೇಡ. 4 ಇದ್ದರೆ ಆಮಶಂಕೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಇರಬಹುದು, ಆದರೆ ಅದೇ ಜಾತಿಯ, ರೋಗ ತರದ ಎಂಟಮೀಬಾ ಡಿಸ್ಪಾರ್ ಕೂಡ ನೋಡಲು ಥೇಟ್ ಹಾಗೇ ಇರುತ್ತದೆ. ಕೆಂಪು ರಕ್ತಕಣ ನುಂಗಿದ ಅಮೀಬಾ ಕಂಡರೆ ಸಂಶಯ ಹಿಸ್ಟೊಲಿಟಿಕಾ ಕಡೆಗೇ ವಾಲುತ್ತದೆ. ಖಚಿತವಾಗಬೇಕಾದರೆ ಆ್ಯಂಟಿಜನ್ (ಅದರ ಪ್ರೋಟೀನ್ ಹುಡುಕುವ) ಅಥವಾ ಪಿಸಿಆರ್ (ಅದರ ಡಿಎನ್‌ಎ ಹುಡುಕುವ) ಪರೀಕ್ಷೆ ಆಗಲೇಬೇಕು. ಸಿಸ್ಟ್ ಕಂಡ ಮಾತ್ರಕ್ಕೆ ‘ಅಮೀಬಾ ಪಾಸಿಟಿವ್’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ.

ರಾತ್ರಿ ಗುದದ ಬಳಿ ಕೆರೆದುಕೊಳ್ಳುವ ಮಕ್ಕಳ ಮಲ ತಂದುಕೊಡುವವರು ಬಹಳ. ಈ ಕೆರೆತ ತರುವ ಸಣ್ಣ ಬಿಳಿ ಹುಳು ಪಿನ್‌ವರ್ಮ್ ಮೊಟ್ಟೆ ಇಡುವುದು ಹೊರಗಿನ ಚರ್ಮದ ಮೇಲೆ. ಮಲದಲ್ಲಿ ಅದು ಸಿಗುವುದೇ ಅಪರೂಪ. ಬೆಳಿಗ್ಗೆ ಮಗು ಎದ್ದ ತಕ್ಷಣ, ತೊಳೆಯುವ ಮೊದಲು, ಪಾರದರ್ಶಕ ಟೇಪನ್ನು ಅಲ್ಲಿ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸಿ ತನ್ನಿ. ಒಂದು ಬದಿ ಚಪ್ಪಟೆಯಾದ ಮೊಟ್ಟೆಗಳು ಅದರಲ್ಲಿ ಸಿಗುತ್ತವೆ.

ನನಗೆ ಹೆಚ್ಚು ಭಯ ಸ್ಟ್ರಾಂಜಿಲಾಯ್ಡಿಸ್ ಬಗ್ಗೆ, ಮಣ್ಣಿನಿಂದ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲೆಸುವ ಹುಳು ಅದು. ಮಲದಲ್ಲಿ ಅದರ ಮೊಟ್ಟೆಯಲ್ಲ, ಮರಿಹುಳು ಬರುತ್ತದೆ, ಅದೂ ಬೆರಳೆಣಿಕೆಯಷ್ಟು. ವರ್ಷಾನುಗಟ್ಟಲೆ ಸದ್ದಿಲ್ಲದೆ ಒಳಗಿದ್ದು, ಸ್ಟಿರಾಯ್ಡ್ ಕೊಟ್ಟಾಗ ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು. ಬರಿಗಾಲಲ್ಲಿ ಮಣ್ಣಿನಲ್ಲಿ ದುಡಿದವರಿಗೆ ಸ್ಟಿರಾಯ್ಡ್ ಶುರುಮಾಡುವ ಮೊದಲು ಆ ವಿಷಯ ಡಾಕ್ಟರಿಗೆ ತಿಳಿಸಿ, ರಕ್ತದ ಆ್ಯಂಟಿಬಾಡಿ ಪರೀಕ್ಷೆ ಬೇಕೇ ಎಂದು ಕೇಳಿ.